ಗೋವಿನಜೋಳದ ಬೂಷ್ಟು ವಿಷ: ಪ್ರಯೋಗಾಲಯ ಹೇಳುವುದೇನು, ಕಣದಲ್ಲಿ ಮಾಡಬೇಕಾದುದೇನು

(ಹಾನಗಲ್ಲ, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ರೈತರ ಮುಂದೆ ಮಾಡಿದ ಭಾಷಣ)



ಗೋವಿನಜೋಳದ ತೆನೆ ಮುರಿಯುವ ಹೊತ್ತಿಗೆ ಸರಿಯಾಗಿ ಮಳೆ ಬಂದು ಕಣದಲ್ಲಿಯ ರಾಶಿ ತೊಯ್ಯುವುದು ನಿಮಗೆ ಹೊಸ ಮಾತಲ್ಲ. ತೊಯ್ದ ರಾಶಿಯನ್ನು ಮತ್ತೆ ಹರವಿ, ಒಣಗಿಸಿ, ತೂರಿ, ಚೀಲ ತುಂಬಿ ಪೇಟೆಗೆ ಒಯ್ಯುತ್ತೀರಿ. ಕಾಳು ನೋಡಲು ಚೆನ್ನಾಗಿಯೇ ಇರುತ್ತದೆ. ಆದರೂ ಕೊಳ್ಳುವವರು ಪರೀಕ್ಷೆ ಮಾಡಿ, ವಿಷದ ಅಂಶ ಹೆಚ್ಚಿದೆ ಎಂದು ಲಾರಿಯನ್ನು ತಿರುಗಿಸಿ ಕಳಿಸಬಹುದು. ಆಗ “ಕಾಳು ಸ್ವಚ್ಛ ಐತಲ್ರೀ, ಏನು ಕೆಟ್ಟೈತಿ?” ಎಂದು ನೀವು ಕೇಳುವುದು ನ್ಯಾಯವೇ. ಆ ಪ್ರಶ್ನೆಗೆ ಉತ್ತರ ಕೊಡುವುದೇ ಇಂದಿನ ನನ್ನ ಮಾತಿನ ಉದ್ದೇಶ.

ಬೂಷ್ಟು ಬೇರೆ, ವಿಷ ಬೇರೆ

ಬೂಷ್ಟು ಎಂಬುದು ಒಂದು ಶಿಲೀಂಧ್ರ. ಕಾಳಿನ ಮೇಲೆ ಹಸಿರು-ಹಳದಿ ಪುಡಿಯಂತೆ ಬೆಳೆಯುವ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬುದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ತಯಾರಿಸುತ್ತದೆ. ತೆನೆಯ ಮೇಲೆ ಬಿಳಿ ಅಥವಾ ನಸುಗೆಂಪಾಗಿ ಕಾಣುವ ಫ್ಯುಸೇರಿಯಂ ಎಂಬುದು ಫ್ಯುಮೋನಿಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಕಾಳನ್ನು ಒರೆಸಿದರೆ ಬೂಷ್ಟು ಹೋಗುತ್ತದೆ; ಒಣಗಿಸಿದರೆ ಅದರ ಬೆಳವಣಿಗೆ ನಿಲ್ಲುತ್ತದೆ. ಆದರೆ ಅದು ಕಾಳಿನೊಳಗೆ ಇಳಿಸಿದ ವಿಷ ಅಲ್ಲಿಯೇ ಉಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ರೊಟ್ಟಿ ಬೇಯಿಸುವ ಹಂಚಿನ ಕಾವಿಗೂ ಅದು ಪೂರ್ತಿ ನಾಶವಾಗುವುದಿಲ್ಲ.

ಇದು ಬರಿಯ ವ್ಯಾಪಾರದ ಮಾತಲ್ಲ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ ಜಿಲ್ಲೆಗಳ ಹಳ್ಳಿಗಳಲ್ಲಿ ಮಳೆಗೆ ಸಿಕ್ಕು ಬೂಷ್ಟು ಹಿಡಿದ ಗೋವಿನಜೋಳವನ್ನು ಉಂಡ ಬಡ ಕುಟುಂಬಗಳಲ್ಲಿ ಕಾಮಾಲೆಯಂತಹ ಬೇನೆ ಕಾಣಿಸಿತು. 397 ಜನ ಬೇನೆ ಬಿದ್ದು 106 ಜನ ತೀರಿಕೊಂಡರು. ಅದೇ ಅಡುಗೆಯನ್ನು ತಿಂದ ಮನೆಯ ನಾಯಿಗಳೂ ಸತ್ತವು. ನಮ್ಮ ದಖ್ಖನ್ ಪ್ರಸ್ಥಭೂಮಿಯಲ್ಲಿಯೇ 1995ರಲ್ಲಿ ಮಳೆಗೆ ತೊಯ್ದ ಜೋಳ ಮತ್ತು ಗೋವಿನಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಉಂಟಾದವು. ಸಮೀಕ್ಷೆ ಮಾಡಿದ 50 ಹಳ್ಳಿಗಳ ಪೈಕಿ 27ರಲ್ಲಿ ಈ ಬೇನೆ ಕಂಡಿತು. ಆ ಮನೆಗಳಿಂದ ತಂದ ಕಾಳಿನ ಎಲ್ಲ ಮಾದರಿಗಳಲ್ಲಿಯೂ ಫ್ಯುಮೋನಿಸಿನ್ ಇತ್ತು.

“ನಾವು ತಿನ್ನೂದಿಲ್ಲ, ಎಮ್ಮಿಗೆ ಹಾಕ್ತೀವಿ” ಎನ್ನುವವರೂ ಇದ್ದಾರೆ. ಬೂಷ್ಟು ಹಿಡಿದ ಕಾಳು, ಶೇಂಗಾ ಹಿಂಡಿಗಳನ್ನು ತಿಂದ ಎಮ್ಮೆಯ ಹಾಲಿನಲ್ಲಿ ಅದೇ ವಿಷ ಸ್ವಲ್ಪ ರೂಪ ಬದಲಿಸಿ, ಅಫ್ಲಾಟಾಕ್ಸಿನ್ ಎಂ1 ಎಂಬ ಹೆಸರಿನಿಂದ ಹೊರಬರುತ್ತದೆ. ಆ ಹಾಲನ್ನು ಕುಡಿಯುವವರು ನಿಮ್ಮ ಮಕ್ಕಳೇ. ಬಹುಕಾಲ ಸ್ವಲ್ಪ ಸ್ವಲ್ಪವಾಗಿ ಹೊಟ್ಟೆಗೆ ಹೋದ ಅಫ್ಲಾಟಾಕ್ಸಿನ್ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆ.

ಎಷ್ಟಿದ್ದರೆ ಹೆಚ್ಚು?

ನಮ್ಮ ದೇಶದ ಆಹಾರ ನಿಯಮದಂತೆ ಒಂದು ಕಿಲೋ ಧಾನ್ಯದಲ್ಲಿ ಒಟ್ಟು ಅಫ್ಲಾಟಾಕ್ಸಿನ್ 15 ಮೈಕ್ರೋಗ್ರಾಂ ಮೀರಬಾರದು. ಸಂಬಾರ ಪದಾರ್ಥಗಳಿಗೆ, ಅಂದರೆ ಒಣ ಮೆಣಸಿನಕಾಯಿಗೂ, ಈ ಮಿತಿ 30. ಹಾಲಿನಲ್ಲಿ ಎಂ1 ವಿಷಕ್ಕೆ ಕೇವಲ 0.5. ಈ ಲೆಕ್ಕ ಮನಸ್ಸಿಗೆ ಹಿಡಿಯುವಂತೆ ಹೇಳುತ್ತೇನೆ. 100 ಕ್ವಿಂಟಾಲ್ ಗೋವಿನಜೋಳ ತುಂಬಿದ ಲಾರಿಯಲ್ಲಿ ಇರಬಹುದಾದ ವಿಷ ಒಟ್ಟು 0.15 ಗ್ರಾಂ. ಅಕ್ಕಸಾಲಿಗರು ತೂಗುವ ಒಂದು ಗುಲಗಂಜಿ ಸುಮಾರು 0.12 ಗ್ರಾಂ. ಲಾರಿಗೆ ಒಂದು ಗುಲಗಂಜಿಗಿಂತ ತುಸು ಹೆಚ್ಚು, ಅಷ್ಟೇ! ಇದನ್ನು ಕಣ್ಣಿನಿಂದ ಕಾಣುವುದು ಸಾಧ್ಯವೇ?

ಯಂತ್ರವು ವಿಷವನ್ನು ತೂಗುವ ಬಗೆ

ಹಿಂದೆ ಕಾಳಿನ ಸಾರವನ್ನು ಗಾಜಿನ ಫಲಕದ ತೆಳು ಪದರದ ಮೇಲೆ ಹರಿಸಿ, ನೇರಳಾತೀತ ಬೆಳಕಿನಲ್ಲಿ ನೋಡುತ್ತಿದ್ದರು. ಕೆಲವು ನೀಲಿಯಾಗಿಯೂ ಕೆಲವು ಹಸಿರಾಗಿಯೂ ಹೊಳೆಯುತ್ತಿದ್ದವು. ಇಂಗ್ಲಿಷಿನಲ್ಲಿ ಆ ಬಣ್ಣಗಳ ಹೆಸರಿನ ಮೊದಲ ಅಕ್ಷರದಿಂದಲೇ ಬಿ ಮತ್ತು ಜಿ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದವು. ಈಗ ನಿಖರವಾದ ಪರೀಕ್ಷೆಗೆ ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ದ್ರವ್ಯರಾಶಿ ರೋಹಿತಮಾಪಕವನ್ನು ಬಳಸುತ್ತಾರೆ.

ಮೊದಲು ಕಾಳನ್ನು ನುಣ್ಣಗೆ ಬೀಸಿ, ದ್ರಾವಕದಲ್ಲಿ ಅಲುಗಾಡಿಸಿ, ಸೋಸಿ, ಸಾರ ತೆಗೆಯುತ್ತಾರೆ. ಆ ಸಾರವನ್ನು ಒಂದು ಸಣ್ಣ ಕೊಳವೆಯ ಮೂಲಕ ಹರಿಸಿದಾಗ ಅದರಲ್ಲಿಯ ವಸ್ತುಗಳು ಒಂದರ ಹಿಂದೊಂದು ಬೇರೆಯಾಗಿ ಹೊರಬರುತ್ತವೆ. ಅವುಗಳನ್ನು ಸಣ್ಣ ತುಂತುರಾಗಿ ಮಾಡಿ ವಿದ್ಯುದಂಶ ಕೊಟ್ಟರೆ, ಯಂತ್ರವು ಪ್ರತಿ ಅಣುವಿನ ತೂಕಕ್ಕೆ ತಕ್ಕಂತೆ ಅವುಗಳನ್ನು ವಿಂಗಡಿಸುತ್ತದೆ. ಈ ತುಂತುರು ವಿಧಾನವನ್ನು ಬೆಳೆಸಿದ ಜಾನ್ ಫೆನ್ ಅವರಿಗೆ 2002ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು.

ಅಫ್ಲಾಟಾಕ್ಸಿನ್ ಬಿ1 ಈ ಯಂತ್ರದಲ್ಲಿ 313 ತೂಕದ್ದಾಗಿ ಕಾಣುತ್ತದೆ. ಅದೇ ತೂಕದ ಬೇರೆ ವಸ್ತುವೂ ಇರಬಹುದಲ್ಲವೇ? ಅದಕ್ಕಾಗಿ ಯಂತ್ರ ಅದನ್ನು ಒಡೆಯುತ್ತದೆ. 285 ಮತ್ತು 241 ತೂಕದ ಚೂರುಗಳು ತಕ್ಕ ಪ್ರಮಾಣದಲ್ಲಿ ಬಂದರೆ ಅದು ಬಿ1 ಎಂದು ಗುರುತು ಸಿಕ್ಕಂತೆ. ಫ್ಯುಮೋನಿಸಿನ್ ಬಿ1 722ರಲ್ಲಿ ಕಾಣುತ್ತದೆ. ಒಂದೇ ಸಾರದಲ್ಲಿ ಇಂತಹ ಹಲವು ವಿಷಗಳನ್ನು ಒಮ್ಮೆಗೇ ಅಳೆಯಬಹುದು.

ದುಂಡಾಣುಗಳ ವಿಷಕ್ಕೂ ಇದೇ ಯಂತ್ರ ನೆರವಾಗುತ್ತದೆ. ಬೇಯಿಸಿದ ಅನ್ನವನ್ನು ಬೆಚ್ಚಗೆ ಬಹಳ ಹೊತ್ತು ಇಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ದುಂಡಾಣು ಅದರಲ್ಲಿ ಸೀರಿಯುಲೈಡ್ ಎಂಬ ವಿಷವನ್ನು ಬಿಡಬಹುದು. ಮತ್ತೆ ಕುದಿಸಿದರೂ ಅದು ಹೋಗದು, ವಾಂತಿ ತರುತ್ತದೆ. ಇದನ್ನೂ ಅಣುವಿನ ತೂಕದಿಂದಲೇ ಗುರುತಿಸುತ್ತಾರೆ. ರಸಮೇವಿನಲ್ಲಿ ಇಲಿ ಸತ್ತು ಕೊಳೆತರೆ ಹುಟ್ಟಬಹುದಾದ ಬಾಟುಲಿನಮ್ ವಿಷ ದನಗಳಿಗೆ ಲಕ್ವ ತರುತ್ತದೆ. ಅದು ಬಹು ದೊಡ್ಡ ಪ್ರೋಟೀನು. ಅದು ಕತ್ತರಿಸುವಂತಹ ಒಂದು ಚಿಕ್ಕ ಪ್ರೋಟೀನಿನ ಎಳೆಯನ್ನು ಪ್ರಯೋಗಾಲಯದಲ್ಲಿ ಅದರ ಮುಂದಿಟ್ಟು, ಕತ್ತರಿಸಿದ ತುಂಡುಗಳನ್ನು ತೂಗಿ ವಿಷ ಇದೆಯೆಂದು ತಿಳಿಯುತ್ತಾರೆ.

ಆದರೆ ಯಂತ್ರ ಎಷ್ಟೇ ಚೊಕ್ಕವಾಗಿದ್ದರೂ, ನೀವು ಕೊಟ್ಟ ಹಿಡಿ ಕಾಳಿನ ಬಗ್ಗೆ ಮಾತ್ರ ಅದು ಹೇಳಬಲ್ಲುದು. ವಿಷ ರಾಶಿಯಲ್ಲೆಲ್ಲ ಸಮನಾಗಿ ಹರಡಿರುವುದಿಲ್ಲ. ಕೆಲವೇ ಕಾಳುಗಳಲ್ಲಿ ಬಹಳ ಇದ್ದು, ಉಳಿದವುಗಳಲ್ಲಿ ಏನೂ ಇಲ್ಲದಿರಬಹುದು. ಆದ್ದರಿಂದ ಮಾದರಿಯನ್ನು ಒಂದೇ ಚೀಲದಿಂದ ತೆಗೆಯದೆ, ಹಲವು ಚೀಲಗಳ ಮೇಲೆ, ನಡುವೆ, ತಳದಿಂದ ತೆಗೆದು ಕೂಡಿಸಬೇಕು. ನಿಮ್ಮ ಮಾಲನ್ನು ತಿರಸ್ಕರಿಸಿದಾಗ ಮಾದರಿಯನ್ನು ಹೇಗೆ ತೆಗೆದರೆಂದು ಕೇಳುವುದು ನಿಮ್ಮ ಹಕ್ಕು.

ಕಣದಲ್ಲಿ ಮಾಡಬೇಕಾದುದು

ಈ ಯಂತ್ರ ಬಲು ದುಬಾರಿ. ಪ್ರತಿ ರೈತನೂ ಪರೀಕ್ಷೆ ಮಾಡಿಸಲಾರ. ಅಲ್ಲದೆ ಪರೀಕ್ಷೆ ವಿಷವನ್ನು ತೋರಿಸುತ್ತದೆಯೇ ಹೊರತು ತೆಗೆಯುವುದಿಲ್ಲ. ವಿಷ ಹುಟ್ಟದಂತೆ ತಡೆಯುವುದು ನಿಮ್ಮ ಕೈಯಲ್ಲಿಯೇ ಇದೆ.

1. ಕಾಳು ತುಂಬುವ ಕಾಲಕ್ಕೆ ನೀರಿನ ಕೊರತೆಯಾದರೆ ಅಫ್ಲಾಟಾಕ್ಸಿನ್ ಹೆಚ್ಚುತ್ತದೆ. ಅನುಕೂಲವಿದ್ದವರು ಆಗ ಒಂದು ನೀರು ಕೊಡಿರಿ.

2. ತೆನೆ ಕೊರೆಯುವ ಹುಳುಗಳನ್ನು ಹತೋಟಿಯಲ್ಲಿಡಿರಿ. 2018ರಲ್ಲಿ ನಮ್ಮ ರಾಜ್ಯಕ್ಕೆ ಕಾಲಿಟ್ಟ ಫಾಲ್ ಸೈನಿಕ ಹುಳು ತೆನೆಗೆ ಮಾಡಿದ ಗಾಯವೂ ಬೂಷ್ಟಿಗೆ ಬಾಗಿಲು.

3. ಕಾಳಿನ ಬುಡದಲ್ಲಿ ಕಪ್ಪು ಪದರ ಕಂಡಿತೆಂದರೆ ಬೆಳೆ ಬಲಿತಿದೆ. ಆಮೇಲೆ ಮಳೆಗಾಲದಲ್ಲಿ ತೆನೆಗಳನ್ನು ಹೊಲದಲ್ಲಿ ಬಹಳ ದಿನ ಬಿಡಬೇಡಿರಿ.

4. ಹಾಳಾದ ತೆನೆಗಳನ್ನು ಒಕ್ಕಣೆಗೆ ಮೊದಲೇ ಆರಿಸಿ ತೆಗೆಯಿರಿ. ಯಂತ್ರಕ್ಕೆ ಹಾಕಿದ ಮೇಲೆ ಆರಿಸುವುದು ಆಗದ ಮಾತು.

5. ಬರಿ ನೆಲದ ಮೇಲೆ ಒಣಗಿಸದೆ ತಾಡಪತ್ರಿ ಹಾಸಿರಿ. ರಾತ್ರಿ ಇಬ್ಬನಿ ಬೀಳುವ ಮೊದಲು ಮುಚ್ಚಿರಿ, ಬೆಳಿಗ್ಗೆ ತೆಗೆಯಿರಿ.

6. ಸಂಗ್ರಹಿಸುವ ಕಾಳಿನ ತೇವಾಂಶ ಶೇ. 12 ಮೀರದಿರಲಿ. ತೇವಮಾಪಕ ಇಲ್ಲದವರು ಒಣಗಿದ ಗಾಜಿನ ಬಾಟಲಿಯಲ್ಲಿ ಕಾಳು ಮತ್ತು ಒಣ ಉಪ್ಪು ಹಾಕಿ ಚೆನ್ನಾಗಿ ಅಲುಗಾಡಿಸಿರಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ. 15 ಮೀರಿದೆ ಎಂದು ತಿಳಿಯಿರಿ. ಅಂಟದಿದ್ದರೂ ಇನ್ನೂ ಎರಡು ಮೂರು ಬಿಸಿಲು ಕಾಣಿಸಿರಿ.

7. ಚೀಲಗಳನ್ನು ಕಟ್ಟಿಗೆಯ ಹಲಗೆಗಳ ಮೇಲೆ, ಗೋಡೆಯಿಂದ ದೂರ ಒಟ್ಟಿರಿ.

8. ಬೂಷ್ಟು ಹಿಡಿದ ಕಾಳನ್ನು ದನ, ಕೋಳಿಗಳಿಗೂ ಹಾಕಬೇಡಿರಿ. ಒಳ್ಳೆಯ ಕಾಳಿನಲ್ಲಿ ಬೆರೆಸಲೂ ಬೇಡಿರಿ. ಬೆರೆಸಿದರೆ ಒಂದು ಚೀಲದ ನಷ್ಟ ಇಡೀ ಲಾರಿಯ ನಷ್ಟವಾದೀತು.

ಒಣ ಮೆಣಸಿನಕಾಯಿ ಮತ್ತು ಶೇಂಗಾ ಬೆಳೆಯುವ ಬಾಂಧವರಿಗೂ ಒಣಗಿಸುವ ಮತ್ತು ಸಂಗ್ರಹಿಸುವ ಈ ಮಾತುಗಳು ಹೊಂದುತ್ತವೆ. ಪ್ರಯೋಗಾಲಯದ ಯಂತ್ರ ತೂಗುವ ಆ ಗುಲಗಂಜಿ ವಿಷ ಹುಟ್ಟುವುದೂ ಹುಟ್ಟದಿರುವುದೂ ಸುಗ್ಗಿಯ ಆ ಎಂಟು ಹತ್ತು ದಿನಗಳ ಎಚ್ಚರದ ಮೇಲೆಯೇ ಬಹುಮಟ್ಟಿಗೆ ನಿಂತಿದೆ. ಈ ಸುಗ್ಗಿಗೆ ಮೊದಲೇ ತಾಡಪತ್ರಿಯನ್ನು ಹೊಂದಿಸಿಕೊಳ್ಳಿರೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.