ವಕೀಲರ ಕಚೇರಿಗೂ ಪಾಳಿ ಬೇಕು

(ಚನ್ನಗಿರಿ ತಾಲ್ಲೂಕು ಉಬ್ರಾಣಿಯ ಸಭೆಯಲ್ಲಿ ಆಡಿದ ಮಾತುಗಳು)



ಪೊಲೀಸರು ಗಡಿಯಾರ ನೋಡಿಕೊಂಡು ಬಾಗಿಲು ತಟ್ಟುವುದಿಲ್ಲ. ನಿಮ್ಮ ಹೋಬಳಿಯ ಕೂಲಿಕಾರನೊಬ್ಬನನ್ನು ನಡುರಾತ್ರಿ ಹಿಡಿದೊಯ್ದರೆ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ತನಗೆ ಬೇಕಾದ ವಕೀಲರನ್ನು ಕಾಣುವ ಹಕ್ಕೂ ಅವನಿಗುಂಟು. ಸಂವಿಧಾನದ 22ನೆಯ ವಿಧಿ ಇವೆರಡನ್ನೂ ಕೊಟ್ಟಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಒಪ್ಪಿದೆ. ಆದರೆ ವಕೀಲರ ಕಚೇರಿಗೆ ಬೀಗ ಬಿದ್ದಿದ್ದರೆ ಆ ಹಕ್ಕು ಬೆಳಗಿನವರೆಗೆ ಕಾಗದದ ಮೇಲೆಯೇ ಇರುತ್ತದೆ.

ಹಾಗೆಂದು ವಕೀಲ ನಿದ್ದೆ ಮಾಡಬಾರದೇ? ಹಗಲೆಲ್ಲ ಕೋರ್ಟು, ಸಂಜೆ ಕಕ್ಷಿಗಾರರು, ರಾತ್ರಿ ಠಾಣೆ, ಮರುದಿನ ಮತ್ತೆ ಪಾಟೀಸವಾಲು. ಕಣ್ಣು ಎಳೆಯುತ್ತಿರುವವನು ಸಾಕ್ಷಿಯ ಸುಳ್ಳನ್ನು ಹೇಗೆ ಹಿಡಿದಾನು? ನಷ್ಟವಾಗುವುದು ಕಟಕಟೆಯಲ್ಲಿ ನಿಂತವನಿಗೆ.

ಈ ದುಡಿಮೆಗೆ ಮೊದಲು ಸೋಲುವವರು ಕೈಗೂಸಿನ ತಾಯಂದಿರು. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ 26 ವಾರಗಳ ರಜೆ ಬಂತು. ಅದು ನೌಕರಿಯಲ್ಲಿರುವವರಿಗೆ. ಹಿರಿಯ ವಕೀಲರ ಕೈಕೆಳಗಿನ ಕಿರಿಯರು ಲೆಕ್ಕಕ್ಕೆ ನೌಕರರೇ ಅಲ್ಲ! ಅವರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಿರೆಂದು 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಹೇಳಿತು. ಅದು ಸಲಹೆ, ಕಟ್ಟಳೆಯಲ್ಲ.

ದಾವಣಗೆರೆಯ ಬಟ್ಟೆ ಗಿರಣಿಗಳಲ್ಲಿ ದುಡಿದವರಿಗೆ ಪಾಳಿಯೆಂದರೇನೆಂದು ಗೊತ್ತು. ಯಂತ್ರ ನಿಲ್ಲಲಿಲ್ಲ, ಆಳು ಬದಲಾಗುತ್ತಿದ್ದ. ನಮ್ಮ ನಾಲ್ವರ ಕಚೇರಿಯಲ್ಲಿಯೂ ಅದನ್ನೇ ಹಿಡಿದಿದ್ದೇವೆ. ರಾತ್ರಿಯ ಫೋನು ವಾರಕ್ಕೊಬ್ಬರದು. ಠಾಣೆಗೆ ಹೋಗಿಬಂದವರ ಬೆಳಗಿನ ಕೇಸನ್ನು ಇನ್ನೊಬ್ಬರು ನಡೆಸುತ್ತಾರೆ. ಇದಕ್ಕೆ ಕೇಸಿನ ಸಂಗತಿ ಫೈಲಿನಲ್ಲಿ ಬರೆದಿರಬೇಕು, ಹಿರಿಯರ ತಲೆಯಲ್ಲಲ್ಲ. (ಹಿರಿಯರಿಗೆ ಕಷ್ಟವಾಗುವುದು ಇಲ್ಲಿಯೇ!) ಜಾಮೀನು ಅರ್ಜಿ ಬರೆಯುವುದು, ದೋಷಾರೋಪಣ ಪಟ್ಟಿ ಓದುವುದು ಮನೆಯಲ್ಲಿ ಮಗುವಿನ ಮಗ್ಗುಲಲ್ಲಿ ಕುಳಿತೂ ಆದೀತು.

ಆಪಾದಿತನನ್ನು ಕಾಣುವುದು ಮಾತ್ರ ಹಾಗಲ್ಲ. ಮೊಬೈಲಿನ ಪರದೆಯಲ್ಲಿ ಅವನ ಮುಖವಷ್ಟೇ ಕಾಣುತ್ತದೆ. ಪಕ್ಕದಲ್ಲಿ ಯಾರು ನಿಂತಿದ್ದಾರೆಂಬುದು ಕಾಣದು. ಏಟು ತಿಂದವನು ಹಾಗೆ ಬಾಯಿ ಬಿಡುವುದಿಲ್ಲ. ಅದಕ್ಕೆ ಎದುರಿಗೇ ಹೋಗಬೇಕು, ಎಷ್ಟು ಹೊತ್ತಾದರೂ.

ನಿಮ್ಮಲ್ಲಿಯೂ ಒಂದು ಮಾತು. ವಕಾಲತ್ತಿಗೆ ನಾಲ್ವರೂ ಸಹಿ ಹಾಕಿರುತ್ತೇವೆ. ಆದರೂ ರಾತ್ರಿ ಠಾಣೆಗೆ ನಮ್ಮ ಕಿರಿಯ ಹೆಣ್ಣುಮಗಳು ಬಂದರೆ, "ದೊಡ್ಡ ವಕೀಲರು ಬರಲಿಲ್ಲವೇನಮ್ಮ?" ಎಂದು ಕೇಳುತ್ತೀರಿ. ಅಂದಿನ ಪಾಳಿ ಆಕೆಯದು. ಏನು ನಡೆಯಿತೆಂಬುದನ್ನು ಆಕೆಗೇ ಹೇಳಿ.