ಬೇರಿನ ಕೊಡುಕೊಳ್ಳುವಿಕೆ



ಬೇರು ಮಣ್ಣಿನಿಂದ ಸಾರವನ್ನು ಹೀರುತ್ತದೆ ಎಂಬುದು ರೂಢಿಯ ಮಾತು. ಆದರೆ ಬೇರು ಕೊಡದೆ ಪಡೆಯುವುದಿಲ್ಲ. ಜೇಡಿಕಣಗಳ ಮೈಯಲ್ಲಿ ಋಣ ವಿದ್ಯುದಂಶವಿರುವುದರಿಂದ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಧನ ಅಯಾನುಗಳು ಅಲ್ಲಿ ಅಂಟಿಕೊಂಡಿರುತ್ತವೆ. ಬೇರು ಹೈಡ್ರೋಜನ್ ಅಯಾನುಗಳನ್ನು ಹೊರಬಿಡುತ್ತದೆ. ಅವು ಕಣದ ಮೇಲೆ ನೆಲೆಗೊಂಡಾಗ ಪೋಷಕಾಂಶಗಳು ಬಿಡುಗಡೆಯಾಗಿ, ಮಣ್ಣಿನ ನೀರನ್ನು ಸೇರಿ ಬೇರಿಗೆ ಒದಗುತ್ತವೆ.

ನಮ್ಮ ಕಾಸರಗೋಡಿನ ಮುರಕಲ್ಲು ನೆಲದಲ್ಲಿ ಈ ವಿನಿಮಯ ಸುಲಭವಲ್ಲ. ಮುಂಗಾರು ಮಳೆ ಪೋಷಕಾಂಶಗಳನ್ನು ತೊಳೆದೊಯ್ಯುತ್ತದೆ, ಮಣ್ಣು ಆಮ್ಲೀಯವಾಗುತ್ತದೆ, ಕಬ್ಬಿಣ, ಅಲ್ಯೂಮಿನಿಯಂಗಳು ರಂಜಕವನ್ನು ಬಿಗಿಹಿಡಿಯುತ್ತವೆ. ಇಲ್ಲಿ ತೆಂಗು ಕಂಗುಗಳಿಗೆ ಶಿಲೀಂಧ್ರ ನೆರವಾಗುತ್ತದೆ. ಅದರ ಎಳೆಗಳು ಬೇರು ತಲುಪಲಾರದ ದೂರದಿಂದ ರಂಜಕವನ್ನು ತರುತ್ತವೆ. ಗಿಡ ಪ್ರತಿಯಾಗಿ ಸಕ್ಕರೆಯನ್ನು ಕೊಡುತ್ತದೆ. ಬೇರು ಶಿಲೀಂಧ್ರಗಳ ಇಂತಹ ಸಹಬಾಳ್ವೆಗೆ 1885ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಫ್ರಾಂಕ್ ‘ಮೈಕೊರೈಜಾ’ ಎಂದು ಹೆಸರಿಟ್ಟರು.

ಹಿರಿಯರು ತೋಟಕ್ಕೆ ಸೊಪ್ಪು ಹಾಕುತ್ತಿದ್ದುದರ ಅರ್ಥ ಇದರಿಂದ ತಿಳಿಯುತ್ತದೆ. ಕೊಳೆತ ಸೊಪ್ಪು ಸ್ವತಃ ಗೊಬ್ಬರ. ಜೊತೆಗೆ ಅಯಾನುಗಳನ್ನು ಮಳೆಯಿಂದ ಕಾಪಾಡುವ ಉಗ್ರಾಣವೂ ಹೌದು. ತರಗೆಲೆಗೆ ಬೆಂಕಿಯಿಟ್ಟರೆ ನಾವು ಆ ಉಗ್ರಾಣವನ್ನೇ ಸುಟ್ಟಂತೆ. ಆದುದರಿಂದ ಈ ಶತಮಾನೋತ್ಸವದ ವರ್ಷದಿಂದ ಶಾಲೆಯ ಅಂಗಳದ ಒಂದು ಎಲೆಯನ್ನೂ ಸುಡದೆ ಗೊಬ್ಬರದ ಗುಂಡಿಗೆ ಸೇರಿಸೋಣ.

ಗಡಿಯ ಕನ್ನಡ ಶಾಲೆಗೂ ಇದೇ ನ್ಯಾಯ. ನೂರು ವರ್ಷ ಊರು ಮಕ್ಕಳನ್ನು ಕೊಟ್ಟಿತು, ಶಾಲೆ ಅಕ್ಷರವನ್ನು ಕೊಟ್ಟಿತು. ಇಂದು ತರಗತಿಗಳು ತೆಳುವಾಗುತ್ತಿವೆ. ಒಂದು ಕಡೆಯ ಕೊಡುಗೆ ನಿಂತರೆ ಇನ್ನೊಂದೂ ನಿಲ್ಲುತ್ತದೆ. ಹಳೆಯ ವಿದ್ಯಾರ್ಥಿಗಳೇ, ನಿಮ್ಮ ಮಕ್ಕಳನ್ನು, ಮೊಮ್ಮಕ್ಕಳನ್ನು ಈ ಬೆಂಚುಗಳಿಗೆ ಕಳುಹಿಸಿರೆಂದು ವಿನಂತಿಸುತ್ತೇವೆ. ಕಲಿಸಲು ನಾವು ಸಿದ್ಧರಿದ್ದೇವೆ.