ಮಾಯದ ಗಾಯ ಮತ್ತು ತಣ್ಣನೆಯ ಪ್ಲಾಸ್ಮಾ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



ನಾವು ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವರು. ಆದರೂ ನಮ್ಮದೇ ಕಾಲಿನ ಗಾಯವನ್ನು ಎರಡು ತಿಂಗಳು ಕಾಲುಚೀಲದಲ್ಲಿ ಬಚ್ಚಿಟ್ಟೆವು. ಸಕ್ಕರೆ ಕಾಯಿಲೆಯಿಂದ ನರ ಸೋತಿದ್ದರಿಂದ ನೋವೇ ಇರಲಿಲ್ಲ. ಮೊಮ್ಮಗಳ ಕಾಲೇಜು ಫೀಸು ಮೊದಲು, ಆಸ್ಪತ್ರೆ ಆಮೇಲೆ ಎಂದುಕೊಂಡೆವು. ಕೊನೆಗೆ ಒಂದು ಬೆರಳನ್ನೇ ಕಳೆದುಕೊಂಡೆವು.

ಹಾಸಿಗೆಯಲ್ಲಿದ್ದಾಗ ಮೊಮ್ಮಗಳು ಕೇಳಿದಳು: "ತಾತಾ, ಪ್ಲಾಸ್ಮಾದಿಂದ ಗಾಯದ ಬ್ಯಾಕ್ಟೀರಿಯಾ ಕೊಲ್ಲಬಹುದಂತೆ, ಹೌದಾ?" ಅಲ್ಲಿಂದ ಓದಲು ಶುರು ಮಾಡಿದೆವು.

ಘನ, ದ್ರವ, ಅನಿಲ ಎಂದು ತರಗತಿಯಲ್ಲಿ ಹೇಳುತ್ತಿದ್ದೆವು. ನಾಲ್ಕನೆಯದೇ ಪ್ಲಾಸ್ಮಾ. ಮಿಂಚಿನಲ್ಲಿ, ಟ್ಯೂಬ್‌ಲೈಟಿನೊಳಗೆ ಇರುವುದು ಅದೇ. ತಣ್ಣನೆಯ ಪ್ಲಾಸ್ಮಾದಲ್ಲಿ ಎಲೆಕ್ಟ್ರಾನುಗಳಿಗೆ ಮಾತ್ರ ಹೆಚ್ಚು ಶಕ್ತಿ ಸಿಗುತ್ತದೆ. ಅನಿಲ ಮೈ ಬಿಸಿಯಷ್ಟೇ ಇರುತ್ತದೆ, ಚರ್ಮ ಸುಡುವುದಿಲ್ಲ. ಅದು ಗಾಳಿಗೆ ತಾಗಿದಾಗ ಹುಟ್ಟುವ ಚುರುಕಾದ ಆಮ್ಲಜನಕ, ಸಾರಜನಕದ ಕಣಗಳು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಹಾಳುಮಾಡುತ್ತವೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೂ ಪ್ರಯೋಗಾಲಯದಲ್ಲಿ ಇದಕ್ಕೆ ಸತ್ತಿವೆ.

ಜರ್ಮನಿಯ ಗ್ರೈಫ್ಸ್‌ವಾಲ್ಡ್ ನಗರದಲ್ಲಿ ಭೌತವಿಜ್ಞಾನಿಗಳೂ ವೈದ್ಯರೂ ಸೇರಿ ಆರ್ಗಾನ್ ಅನಿಲದಿಂದ ನಡೆಯುವ ಪೆನ್ನಿನಂಥ ಉಪಕರಣ ರೂಪಿಸಿದರು. 2013ರಲ್ಲಿ ಅದಕ್ಕೆ ಯುರೋಪಿನಲ್ಲಿ ವೈದ್ಯಕೀಯ ಮಾನ್ಯತೆ ಸಿಕ್ಕಿತು. ಅದಕ್ಕೂ ಮೊದಲು, 2010ರಲ್ಲಿ ಪ್ರಕಟವಾದ ಜರ್ಮನಿಯ ಇನ್ನೊಂದು ಅಧ್ಯಯನದಲ್ಲಿ 36 ರೋಗಿಗಳ 38 ಗಾಯಗಳಿಗೆ ದಿನಕ್ಕೆ 5 ನಿಮಿಷ ಪ್ಲಾಸ್ಮಾ ಕೊಟ್ಟಾಗ ಬ್ಯಾಕ್ಟೀರಿಯಾ ಶೇ. 34ರಷ್ಟು ಇಳಿದಿದ್ದವು.

ಆದರೆ 2020ರ ಅಧ್ಯಯನವನ್ನೂ ಹೇಳಬೇಕು. ಸಕ್ಕರೆ ಕಾಯಿಲೆಯವರ ಪಾದದ ಗಾಯಗಳು ಪ್ಲಾಸ್ಮಾದಿಂದ ಬೇಗ ಕಿರಿದಾದವು. ಬ್ಯಾಕ್ಟೀರಿಯಾದಲ್ಲಿ ಮಾತ್ರ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಅಂದರೆ ಇದು ಕೊಲ್ಲುವುದಕ್ಕಿಂತ ಹೆಚ್ಚಾಗಿ ಚರ್ಮ ಬೆಳೆಯಲು ನೆರವಾಗುತ್ತಿರಬಹುದು. ಆ ರೋಗಿಗಳೆಲ್ಲರಿಗೂ ಗಾಯ ಶುಚಿ ಮಾಡುವುದು, ಡ್ರೆಸ್ಸಿಂಗ್ ಇವೆಲ್ಲ ನಡೆದೇ ಇದ್ದವು. ಪ್ಲಾಸ್ಮಾ ಅದರ ಜೊತೆಗೆ, ಅದರ ಬದಲಿಗೆ ಅಲ್ಲ.

ಹಿರಿಯರೇ, ಯಂತ್ರ ಎಷ್ಟೇ ಒಳ್ಳೆಯದಾದರೂ ಬಚ್ಚಿಟ್ಟ ಗಾಯವನ್ನು ಅದು ಮಾಯಿಸಲಾರದು. ವುಝೂಗಾಗಿ ದಿನಕ್ಕೆ ಐದು ಸಲ ಪಾದ ತೊಳೆಯುತ್ತೇವೆ. ಒಂದು ಸಲವಾದರೂ ಅಂಗಾಲು ತಿರುಗಿಸಿ ನೋಡೋಣ. ಬೆರಳ ಸಂದು ಒರೆಸೋಣ. ಬಿಸಿನೀರನ್ನು ಮೊದಲು ಮೊಣಕೈಯಿಂದ ಮುಟ್ಟಿ ನೋಡೋಣ. ಗಾಯ ಕಂಡ ದಿನವೇ ವೈದ್ಯರಿಗೆ ತೋರಿಸೋಣ.

ದಾನಿಗಳೇ, ನಿಮ್ಮ ನೆರವಿನಿಂದ ಒಂದು ಮಗುವಿನ ಫೀಸು ಕಟ್ಟಿದಾಗ, ಆ ಮನೆಯ ಹಿರಿಯರು ಗಾಯ ಬಚ್ಚಿಡಬೇಕಾದ ಕಾರಣವೂ ಒಂದು ಕಡಿಮೆಯಾಗುತ್ತದೆ. ನಮಗೆ ಅದು ಬೆರಳು ಕಳೆದುಕೊಂಡ ಮೇಲೆ ಅರ್ಥವಾಯಿತು.

ಮಕ್ಕಳೇ, ಭೌತವಿಜ್ಞಾನ ಓದುವವರೂ ನರ್ಸಿಂಗ್ ಓದುವವರೂ ನಿಮ್ಮಲ್ಲಿದ್ದೀರಿ. ಒಬ್ಬರನ್ನೊಬ್ಬರು ಮಾತಾಡಿಸಿ. ಇಂದು ಮನೆಗೆ ಹೋದ ಕೂಡಲೇ ಅಜ್ಜ ಅಜ್ಜಿಯ ಪಾದ ನೋಡಿ.